ಚುಕ್ಕಿರಾಯ ಕಂಡುಹಿಡಿದ ಶಿಖರ

ಒಂದು ಪೆನ್ಸಿಲು ಕೈಜಾರಿ ಮೇಜಿನ ಕೆಳಗೆ ಉರುಳಿದ್ದೇ ಇಷ್ಟಕ್ಕೆಲ್ಲ ಕಾರಣ. ಅದು ಉರುಳದಿದ್ದರೆ ಚುಕ್ಕಿರಾಯ ಬಗ್ಗುತ್ತಿರಲಿಲ್ಲ; ಬಗ್ಗದಿದ್ದರೆ ತನ್ನ ಎರಡು ಕಾಲುಗಳ ನಡುವಿನಿಂದ ಹಿಂದಿನ ಗೋಡೆಯನ್ನು ನೋಡುತ್ತಿರಲಿಲ್ಲ; ನೋಡದಿದ್ದರೆ ಆ ದಿನವೂ ಉಳಿದ ದಿನಗಳ ಹಾಗೆ ನೆಮ್ಮದಿಯಾಗಿ ಕಳೆದುಹೋಗುತ್ತಿತ್ತು. ಆದರೆ ಒಬ್ಬನಿಗೆ ಸತ್ಯ ತೋರಿಸಬೇಕೆಂದು ದೇವರು ಮನಸ್ಸು ಮಾಡಿದರೆ, ಅವನು ಯಾವ ಭಂಗಿಯಲ್ಲಿದ್ದಾನೆ ಎಂದು ನೋಡುವುದಿಲ್ಲ.

ಚುಕ್ಕಿರಾಯ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅವನಿದ್ದದ್ದು ಪರ್ವತಾರೋಹಣ ಸಂಸ್ಥೆಯ ಕಚೇರಿಯಲ್ಲಿ. ಬೆಟ್ಟಕ್ಕೆ ಹೊರಟವರು ಯಾವ ಕಡೆಯಿಂದ ಹತ್ತಬೇಕು, ಎಲ್ಲಿ ಡೇರೆ ಹಾಕಬೇಕು, ಎಲ್ಲಿ ಹಗ್ಗ ಹಿಡಿಯಬೇಕು ಎಂದು ನಕ್ಷೆಯ ಮೇಲೆ ಕೆಂಪು ಚುಕ್ಕಿಗಳನ್ನು ಇಡುವುದು ಅವನ ಕೆಲಸ. ಅವನು ಮಾತ್ರ ಒಂದು ಬೆಟ್ಟವನ್ನೂ ಹತ್ತಿದವನಲ್ಲ. ಆಸೆ ಇತ್ತು, ಅಧ್ಯಕ್ಷರು ಬಿಡಲಿಲ್ಲ. "ಹತ್ತಿದವನಿಗೆ ಹತ್ತಿದ ಬೆಟ್ಟದ ಮೇಲೆ ಮೋಹ ಹುಟ್ಟುತ್ತೆ ಕಣಯ್ಯಾ. ಆಮೇಲೆ ಮಿಕ್ಕ ಬೆಟ್ಟಗಳಿಗೆ ನ್ಯಾಯ ಸಿಗೋಲ್ಲ," ಎನ್ನುವುದು ಅವರ ಸಿದ್ಧಾಂತ. ಹೀಗಾಗಿ, ಯಾವ ದಿಕ್ಕಿಗೆ ತಲೆ ತಿರುಗಿಸಿದರೂ ಬೆಟ್ಟವೇ ಕಾಣುವ ಆ ಕಣಿವೆಯ ಊರಿನಲ್ಲಿ, ಕಿಟಕಿಗೆ ಬೆನ್ನು ಹಾಕಿ, ವಿಮಾನದಿಂದ ತೆಗೆದ ಫೋಟೋಗಳನ್ನು ನೋಡಿಕೊಂಡು ದಾರಿ ಹಾಕುತ್ತಿದ್ದವನು ಅವನೊಬ್ಬನೇ.

ಅವನು ಕೆಲಸಕ್ಕೆ ಸೇರಿದ್ದು ಮಗಳು ಹುಟ್ಟಿದ ವರ್ಷ. ಮಗಳು ಬೆಳೆದು ಅವನ ಭುಜಕ್ಕೆ ಬಂದಿದ್ದಳು. ಅವನು ಮಾತ್ರ ಇನ್ನೂ ಹಂಗಾಮಿ. ಕಾಯಂ ಆದವರಿಗೆ ಗುಡ್ಡದ ಓರೆಯಲ್ಲಿ ಸಂಸ್ಥೆಯ ಮನೆ ಸಿಗುತ್ತಿತ್ತು. ಹಂಗಾಮಿಗಳಿಗೆ ಎಲ್ಲಿ ಸಿಕ್ಕಿದರೆ ಅಲ್ಲಿ. ಇವನಿಗೆ ಸಿಕ್ಕಿದ್ದು ಮರ ಕೊಯ್ಯುವ ಮಿಲ್ಲಿನ ಮೇಲಿನ ಎರಡು ಕೋಣೆ. ಬೆಳಕು ಹರಿಯುತ್ತಿದ್ದ ಹಾಗೆ ಕೆಳಗೆ ಗರಗಸ ಹಲ್ಲು ಕಿರಿಯುತ್ತಿತ್ತು. ಹಾಸಿಗೆಯಲ್ಲಿ ಮರದ ಹೊಟ್ಟು, ಹಾಲಿನಲ್ಲಿ ಮರದ ಹೊಟ್ಟು, ದೇವರ ಪಟದ ಹಣೆಯ ಮೇಲೂ ಮರದ ಹೊಟ್ಟು. ಗಂಡ ಹೆಂಡತಿ ಕೂಗಿಕೊಂಡೇ ಮಾತಾಡಬೇಕು. "ನಿಮಗೆ ಜ್ವರ ಇಳೀತಾ?" ಎಂದು ಅವಳು ಕೂಗಿದರೆ, ಎದುರುಮನೆಯ ಮುದುಕಿ ಪಕ್ಕದವಳಿಗೆ, "ನೋಡು, ಶುರುವಾಯ್ತು ಜಗಳ," ಎನ್ನುತ್ತಿದ್ದಳು.

ಆವತ್ತು ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಕೂಗಿದ್ದಳು. "ರೀ! ಇವತ್ತು ಕಾಯಂ ಆಗಿಯೇ ಮನೆಗೆ ಬರಬೇಕು! ನನಗೆ ಈ ಮನೇಲಿ ಇನ್ನೊಂದು ದಿನ ಇರೋಕಾಗೋಲ್ಲ!"

"ಆಗ್ತೀನಿ ಕಣೇ! ಅಧ್ಯಕ್ಷರೇ ಮಾತು ಕೊಟ್ಟಿದ್ದಾರೆ!" ಎಂದು ಇವನೂ ಕೂಗಿದ್ದ.

ಮಾತು ಕೊಟ್ಟದ್ದು ನಿಜ. ಹೊಸದಾಗಿ ಬಂದ ಫೋಟೋದಲ್ಲಿ ಚುಕ್ಕಿರಾಯ ಒಂದು ಶಿಖರವನ್ನು ಕಂಡುಹಿಡಿದಿದ್ದ. ಊರಿನ ಬೆನ್ನಿಗೇ ಇರುವ, ಇಲ್ಲಿಯವರೆಗೆ ಯಾರೂ ಹತ್ತದ ಶಿಖರ! ಸಭೆಯಲ್ಲಿ ಯಾರೋ ಒಬ್ಬರು, "ಇಷ್ಟು ಹತ್ತಿರ ಇದ್ದದ್ದು ಇಷ್ಟು ದಿನ ಯಾಕೆ ಕಣ್ಣಿಗೆ ಬೀಳಲಿಲ್ಲ?" ಎಂದು ಕೇಳಿದ್ದರು. "ಬಹಳ ಎತ್ತರದ್ದು ಹತ್ತಿರದಿಂದ ಕಾಣೋಲ್ಲ," ಎಂದು ಅಧ್ಯಕ್ಷರು ಹೇಳಿದಾಗ ಸಭೆ ತಲೆದೂಗಿತ್ತು. ಶಿಖರಕ್ಕೆ ಅಧ್ಯಕ್ಷರ ಹೆಸರನ್ನೇ ಇಡುವುದೆಂದು ತೀರ್ಮಾನವಾಯಿತು. ಶಿಖರದ ಮೇಲೆ ಬಾವುಟ ಏರಿದ ದಿನವೇ ಚುಕ್ಕಿರಾಯ ಕಾಯಂ ಎಂದು ಅಧ್ಯಕ್ಷರು ಅವನ ಬೆನ್ನು ತಟ್ಟಿದ್ದರು.

ಆ ದಿನ ಇದೇ. ತಂಡ ಹೊರಡುವುದಕ್ಕೆ ಮುಂಚೆ ದಾರಿಯನ್ನು ಕೊನೆಯದಾಗಿ ಒಮ್ಮೆ ನೋಡಿಬಿಡೋಣ ಎಂದು ಬೇಗ ಬಂದು ಕೂತಿದ್ದ. ಪೆನ್ಸಿಲು ಬಿತ್ತು. ಬಗ್ಗಿದ. ತಲೆಕೆಳಗಾದ ಕಣ್ಣಿಗೆ ಗೋಡೆಯ ಫೋಟೋ ಕಂಡಿತು.

ಶಿಖರ ಇರಲಿಲ್ಲ. ಶಿಖರ ಇದ್ದ ಜಾಗದಲ್ಲಿ ಒಂದು ದೊಡ್ಡ ಗುಂಡಿ ಇತ್ತು.

ಚುಕ್ಕಿರಾಯ ನೆಟ್ಟಗೆ ನಿಂತ. ಶಿಖರ ಎದ್ದು ನಿಂತಿತು. ಬಗ್ಗಿದ. ಶಿಖರ ಒಳಕ್ಕೆ ಕುಸಿಯಿತು. ಮತ್ತೆ ಎದ್ದ, ಮತ್ತೆ ಬಗ್ಗಿದ. ನೆಲ ಗುಡಿಸುತ್ತಿದ್ದವಳು, "ಏನ್ ಸಾರ್, ವ್ಯಾಯಾಮನಾ? ಒಳ್ಳೇದು, ಹೊಟ್ಟೆ ಕರಗುತ್ತೆ," ಎಂದು ಹೇಳಿ ಕಸ ತೆಗೆದುಕೊಂಡು ಹೋದಳು.

ಮೇಲಿನಿಂದ ತೆಗೆದ ಫೋಟೋಗಳ ಗುಣವೇ ಇದು. ಅಲ್ಲಿ ಉಬ್ಬು ತಗ್ಗು ತಿಳಿಯುವುದು ನೆರಳಿನಿಂದ. ಫೋಟೋವನ್ನು ತಲೆಕೆಳಗಾಗಿ ತಗುಲಿಹಾಕಿದರೆ ನೆರಳಿನ ದಿಕ್ಕು ಬದಲಾಗಿ, ಅಂಗಾತ ಇಟ್ಟ ಬಾಣಲೆ ಬೋರಲು ಹಾಕಿದ ಬಾಣಲೆಯ ಹಾಗೆ ಕಾಣುತ್ತದೆ. ಸುಣ್ಣ ಬಳಿಯುವಾಗ ಇಳಿಸಿದ್ದ ಫೋಟೋವನ್ನು ಯಾರೋ ಪುಣ್ಯಾತ್ಮರು ಮೇಲಿನದನ್ನು ಕೆಳಗೆ ಮಾಡಿ ತಗುಲಿಹಾಕಿದ್ದರು. ಚುಕ್ಕಿರಾಯ ಆ ಬಾಣಲೆಯ ತಳಕ್ಕೆ, ಮೂರು ಕಡೆ ಡೇರೆ ಗುರುತು ಹಾಕಿ, ಒಂದು ಕಡೆ ಹಗ್ಗದ ಗುರುತು ಹಾಕಿ, ಬಹಳ ಶ್ರದ್ಧೆಯಿಂದ ದಾರಿ ಬರೆದಿದ್ದ. ಭಗವಂತನ ಕಣ್ಣಿಗೆ ಶಿಖರವೂ ಗುಂಡಿಯೂ ಒಂದೇ ಇರಬಹುದು. ಸಂಸ್ಥೆಯ ಕಣ್ಣಿಗೆ ಹಾಗಿರಲಾರದು.

ಅವನ ಕಣ್ಣ ಮುಂದೆ ಹೆಂಡತಿ ಬಂದು ನಿಂತಳು. ಅವಳ ಹಿಂದೆ ಗರಗಸ.

ಹೇಳಿದರೆ ಕಾಯಂ ಹೋಯಿತು. ಹೇಳದಿದ್ದರೆ, ಊರಿನ ಗಣ್ಯರೆಲ್ಲ ಬಾವುಟ ಹಿಡಿದು ಗುಂಡಿಗೆ ಇಳಿದ ಮೇಲೆ, ಇದ್ದ ಹಂಗಾಮಿಯೂ ಹೋಗುತ್ತದೆ. ಉಳಿದ ದಾರಿ ಒಂದೇ. ಏನಾದರೂ ಮಾಡಿ ಇವತ್ತಿನ ಆರೋಹಣ ನಿಲ್ಲಿಸಬೇಕು. ರಾತ್ರಿ ಕೂತು ಬೇರೆ ಯಾವುದಾದರೂ ನಿಜವಾದ ಶಿಖರ ಹುಡುಕಿಕೊಳ್ಳಬಹುದು.

ಅವನು ಓಡಿದ್ದು ಡಾಕ್ಟರ ಬಳಿಗೆ. ಡಾಕ್ಟರು ಪ್ರತಿ ತಂಡದ ಜೊತೆಗೂ ಹೋಗುವವರು. ಅವರು ಬೇಡ ಎಂದರೆ ಯಾರೂ ಹೆಜ್ಜೆ ಎತ್ತುವ ಹಾಗಿಲ್ಲ.

"ಡಾಕ್ಟ್ರೇ, ಅಧ್ಯಕ್ಷರಿಗೆ ವಯಸ್ಸಾಯ್ತು. ಇಷ್ಟು ಎತ್ತರ ಹತ್ತೋದು ಅಪಾಯ ಅಲ್ವಾ? ನೀವು ಒಂದು ಮಾತು ಹೇಳಿ."

ಡಾಕ್ಟರು ಅವನ ಕೈ ಹಿಡಿದು ನಾಡಿ ನೋಡಿದರು. "ನಿಮ್ಮ ನಾಡಿ ಓಡ್ತಾ ಇದೆಯಲ್ರೀ. ಬೆವರು ಬೇರೆ. ಎತ್ತರದ ಭಯ!"

"ನಾನು ನೆಲದ ಮೇಲೇ ಇದೀನಲ್ಲ ಡಾಕ್ಟ್ರೇ."

"ನೆಲದ ಮೇಲೇ ಹೀಗಾದರೆ ಮೇಲೆ ಹೋದವರ ಬಗ್ಗೆ ಯೋಚನೆ ಮಾಡಿ ನಿಮಗೆಷ್ಟು ಹಿಂಸೆ ಆಗ್ತಿರಬೇಡ! ನೀವು ಜೊತೆಗೆ ಬನ್ನಿ. ಭಯಕ್ಕೆ ಎದುರುಬದುರು ನಿಂತರೇನೇ ಅದು ಹೋಗೋದು." ಬಾಯಿ ತೆರೆದು ಏನೋ ಹೇಳಹೊರಟವನ ಬಾಯಿಗೆ ಡಾಕ್ಟರು ಒಂದು ಮಾತ್ರೆ ಹಾಕಿದರು. ಮಾತು ಮತ್ತು ಮಾತ್ರೆ ಎರಡೂ ಒಟ್ಟಿಗೆ ಒಳಗೆ ಹೋದವು.

ಅಲ್ಲಿಂದ ದರ್ಜಿಯ ಅಂಗಡಿಗೆ. ದರ್ಜಿ ಅವನ ಹೆಂಡತಿಯ ಅಣ್ಣ. ಶಿಖರದ ಮೇಲೆ ನೆಡುವ ಬಾವುಟ ಹೊಲಿಯುತ್ತಿದ್ದವನು. ಬಾವುಟವೇ ಇಲ್ಲದಿದ್ದರೆ ತಂಡ ಹೊರಡುವುದಾದರೂ ಹೇಗೆ?

"ಭಾವ, ನಿಮಗೆ ಕೈ ಮುಗೀತೀನಿ. ಇವತ್ತು ಬಾವುಟ ತಯಾರಾಗಿಲ್ಲ ಅಂದುಬಿಡಿ."

ದರ್ಜಿ ಹೊಲಿಗೆ ಯಂತ್ರದ ಮೇಲಿನಿಂದ ಕನ್ನಡಕ ಎತ್ತಿ ನೋಡಿದ. ಅವನ ಕಣ್ಣು ತೇವವಾಯಿತು. "ಗೊತ್ತಾಯ್ತು ಬಿಡಿ ಭಾವ. ನೀವು ಕಂಡುಹಿಡಿದ ಶಿಖರ, ಅವರ ಹೆಸರು. ಹೊಟ್ಟೆ ಉರಿಯುತ್ತೆ ತಾನೇ? ನನಗೂ ಉರಿಯುತ್ತೆ. ಅದಕ್ಕೇ ನಾನೊಂದು ಕೆಲಸ ಮಾಡಿದೀನಿ." ಅವನು ಬಾವುಟವನ್ನು ಬಿಡಿಸಿ ತೋರಿಸಿದ. ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ದಾರಿ ಹಾಕಿದವನು ಚುಕ್ಕಿರಾಯ ಎಂದು ಕೆಂಪು ದಾರದಲ್ಲಿ ಹೊಲಿದಿತ್ತು. "ನಮ್ಮ ಮನೆಯ ಅಳಿಯನ ಹೆಸರು ಬೆಟ್ಟದ ತುದೀಲಿ ಹಾರಾಡಬೇಕು. ನಾನೂ ಬರ್ತೀನಿ. ನನ್ನ ಕೈಯಾರೆ ನೆಡ್ತೀನಿ!"

ತಪ್ಪಿತಸ್ಥನ ಹೆಸರೂ ಹೀಗೆ ಭದ್ರವಾಗಿ ಹೊಲಿಯಲ್ಪಟ್ಟ ಮೇಲೆ, ಚುಕ್ಕಿರಾಯ ಕೊನೆಯ ಧೈರ್ಯ ಕೂಡಿಸಿಕೊಂಡು ಅಧ್ಯಕ್ಷರ ಹತ್ತಿರವೇ ಹೋದ. ಅವರು ಕಚೇರಿಯ ಮುಂದೆ ಉಣ್ಣೆಯ ಕೋಟು, ಮೊಣಕಾಲವರೆಗಿನ ಬೂಟು, ಕಪ್ಪು ಕನ್ನಡಕ ಹಾಕಿಕೊಂಡು, ಪತ್ರಿಕೆಯವನ ಕ್ಯಾಮೆರಾ ಎದುರು ದೂರವನ್ನು ದಿಟ್ಟಿಸುತ್ತ ನಿಂತಿದ್ದರು.

"ಸಾರ್, ಹೊರಡೋಕೆ ಮುಂಚೆ ಫೋಟೋ ವಿಷಯ ಒಂದು ಮಾತು..."

"ತೆಗೀತಾ ಇದಾನಲ್ಲಯ್ಯಾ."

"ಈ ಫೋಟೋ ಅಲ್ಲ ಸಾರ್. ಗೋಡೆಯದು. ಅದು..."

"ಹೊರಡೋ ಹೊತ್ತಲ್ಲಿ ಗೋಡೆ ಬಾಗಿಲು ಅಂತ ಅಡ್ಡ ಮಾತಾಡಬೇಡ," ಎಂದು ಅಧ್ಯಕ್ಷರು ನಕ್ಕರು. "ಡಾಕ್ಟರು ಹೇಳಿದರು, ನೀನೂ ಬರಬೇಕಂತೆ. ನಿಯಮದ ಪ್ರಕಾರ ನೀನು ಬರೋ ಹಾಗಿಲ್ಲ. ಆದರೂ ಇವತ್ತು ಬಾ. ನಿನ್ನ ದಿನ ಇದು."

ತಂಡ ಹೊರಟಿತು. ಮುಂದೆ ಅಧ್ಯಕ್ಷರು, ಅವರ ಹಿಂದೆ ಡಾಕ್ಟರು, ಪತ್ರಿಕೆಯವನು, ಬಾವುಟ ಹೊತ್ತ ದರ್ಜಿ, ಕೊನೆಯಲ್ಲಿ ನಕ್ಷೆ ಹಿಡಿದ ಚುಕ್ಕಿರಾಯ. ಒಬ್ಬರು ಬಿದ್ದರೆ ಉಳಿದವರು ಹಿಡಿದುಕೊಳ್ಳಲಿ ಎಂದು ಐವರ ಸೊಂಟಕ್ಕೂ ಒಂದೇ ಹಗ್ಗ ಕಟ್ಟಿದ್ದರು. ತಪ್ಪಿಸಿಕೊಳ್ಳುವ ಕೊನೆಯ ಅವಕಾಶವೂ ಆ ಗಂಟಿನಲ್ಲಿ ಮುಗಿಯಿತು.

ಕಚೇರಿಯ ಹಿಂದಿನ ಪೊದೆ ದಾಟುತ್ತಿದ್ದ ಹಾಗೆ ನೆಲ ಇಳಿಯತೊಡಗಿತು.

ಚುಕ್ಕಿರಾಯ ಉಸಿರು ಬಿಗಿಹಿಡಿದ. ಈಗ ಹೇಳುತ್ತಾರೆ. ಈಗ ಯಾರಾದರೂ ನಿಂತು, "ಇದೇನ್ರೀ, ಇಳೀತಾ ಇದೀವಿ?" ಎಂದು ಕೇಳುತ್ತಾರೆ.

"ಏರು ತಿಳೀತಾನೇ ಇಲ್ಲ ಅಲ್ವಾ?" ಎಂದರು ಡಾಕ್ಟರು.

"ದಾರಿ ಹಾಕಿದವನ ಕೈಗುಣ!" ಎಂದು ದರ್ಜಿ ಹಿಂದಕ್ಕೆ ತಿರುಗಿ ಕಣ್ಣು ಮಿಟುಕಿಸಿದ.

"ಕಾಲು ತಾನಾಗೇ ಮುಂದಕ್ಕೆ ಓಡ್ತಾ ಇದೆ ನೋಡಿ," ಎಂದರು ಅಧ್ಯಕ್ಷರು, ಓಡದ ಹಾಗೆ ಒಂದು ಗಿಡ ಹಿಡಿದುಕೊಳ್ಳುತ್ತ. "ಶಿಖರದ ಸೆಳೆತ ಅಂದ್ರೆ ಇದೇ. ದೊಡ್ಡ ಶಿಖರಗಳು ತಾವೇ ಕರ್ಕೊಳ್ತವೆ."

ಪತ್ರಿಕೆಯವನು ಓಡುತ್ತಲೇ ಇದನ್ನು ಬರೆದುಕೊಂಡ.

ಹೋಗುತ್ತ ಹೋಗುತ್ತ ಗಾಳಿ ಬೆಚ್ಚಗಾಯಿತು. ಅಧ್ಯಕ್ಷರು ಉಣ್ಣೆ ಕೋಟು ಬಿಚ್ಚಿ ಚುಕ್ಕಿರಾಯನ ತೋಳಿಗೆ ಹಾಕಿದರು. ಡಾಕ್ಟರೂ ಬಿಚ್ಚಿದರು. ದರ್ಜಿ, "ಮೇಲೆ ಹೋದ ಹಾಗೆ ಚಳಿ ಜಾಸ್ತಿ ಅಂತಿದ್ರು?" ಎಂದು ಮೆಲ್ಲಗೆ ಕೇಳಿದ.

"ಸೂರ್ಯನಿಗೆ ಹತ್ತಿರ ಹೋಗ್ತಾ ಇದೀವಲ್ಲಪ್ಪ," ಎಂದರು ಡಾಕ್ಟರು.

ದರ್ಜಿಗೆ ತನ್ನ ಪ್ರಶ್ನೆಯ ಬಗ್ಗೆ ನಾಚಿಕೆಯಾಯಿತು.

ಹಗ್ಗದ ಗುರುತಿದ್ದ ಜಾಗ ಬಂತು. ನಕ್ಷೆಯ ಪ್ರಕಾರ ಅಲ್ಲಿ ಒಂದು ಕಡಿದಾದ ಬಂಡೆಯನ್ನು ಹತ್ತಬೇಕಿತ್ತು. ಬಂಡೆ ಏನೋ ಇತ್ತು. ಅವರು ನಿಂತದ್ದು ಅದರ ನೆತ್ತಿಯ ಮೇಲೆ. ಬೇರೊಂದು ಹಗ್ಗವನ್ನು ಮರದ ಬುಡಕ್ಕೆ ಕಟ್ಟಿ ಕೆಳಕ್ಕೆ ಬಿಟ್ಟರು. ಒಬ್ಬೊಬ್ಬರಾಗಿ ಜಾರಿದರು. ಅಧ್ಯಕ್ಷರು ಕಂಬ ಜಾರುವ ಮಗುವಿನ ಹಾಗೆ ಸರ್ರನೆ ಜಾರಿ ಬುಡದಲ್ಲಿ ದೊಪ್ಪೆಂದು ಕೂತು, "ಇಷ್ಟು ಸಲೀಸಾಗಿ ನಾನು ಯಾವತ್ತೂ ಬಂಡೆ ಹತ್ತಿರಲಿಲ್ಲ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚುಕ್ಕಿರಾಯನೂ ತಟ್ಟಿದ. ಹಗ್ಗ ಹಿಡಿದ ಕೈ ಉರಿಯುತ್ತಿತ್ತು, ತಟ್ಟಿದ್ದರಿಂದ ಇನ್ನಷ್ಟು ಉರಿಯಿತು.

ಇವರಿಗೆಲ್ಲ ಕಣ್ಣಿಲ್ಲವೇ ಎಂದು ಅವನು ಮನಸ್ಸಿನಲ್ಲೇ ದೇವರನ್ನು ಕೇಳಿದ. ಕಣ್ಣು ಕೊಟ್ಟವನು ಸುಮ್ಮನಿದ್ದ.

ಕಪ್ಪೆಯ ಸದ್ದು ಕೇಳಿಸಿತು. ಆಮೇಲೆ ಪಟ್ ಪಟ್ ಎಂದು ಬಟ್ಟೆ ಬಡಿಯುವ ಸದ್ದು. ಪೊದೆ ಸರಿಸಿದರೆ ಎದುರಿಗೆ ಒಂದು ಕೊಳ, ಕೊಳದ ದಡದಲ್ಲಿ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಕಂಬಳಿ, ಕಂಬಳಿಯ ಎದುರು ಸೀರೆ ಎತ್ತಿಕಟ್ಟಿ ನಿಂತ ಬಟ್ಟೆ ಒಗೆಯುವವಳು. ನಾಲ್ಕೂ ಕಡೆ ಗೋಡೆಯ ಹಾಗೆ ನೆಲ ಎದ್ದು ನಿಂತಿತ್ತು. ಇನ್ನು ಇಳಿಯಲು ಜಾಗವಿರಲಿಲ್ಲ.

"ಭಾವ," ದರ್ಜಿ ಚುಕ್ಕಿರಾಯನ ಕಿವಿಯಲ್ಲಿ ಪಿಸುಗುಟ್ಟಿದ, "ಇದು ನಮ್ಮ ಊರಿನ ಬಟ್ಟೆಗುಂಡಿ ಥರಾನೇ ಇದೆಯಲ್ಲ?"

ಚುಕ್ಕಿರಾಯ ಕಣ್ಣು ಮುಚ್ಚಿಕೊಂಡ. ಅವನ ಕಾಯಂ, ಗುಡ್ಡದ ಓರೆಯ ಮನೆ, ಹೆಂಡತಿ ಪಿಸುಮಾತಿನಲ್ಲಿ ಮಾತಾಡಬಹುದಾಗಿದ್ದ ಸಂಜೆಗಳು, ಎಲ್ಲವೂ ಆ ಕೊಳದಲ್ಲಿ ಗುಳುಗುಳು ಎಂದು ಮುಳುಗಿದ ಹಾಗಾಯಿತು.

"ಶಿಖರದ ಮೇಲೆ ಸರೋವರ!" ಎಂದು ಅಧ್ಯಕ್ಷರು ಎರಡೂ ಕೈ ಮೇಲೆತ್ತಿದರು.

ಬಟ್ಟೆ ಒಗೆಯುವವಳು ಕಂಬಳಿ ಬಿಟ್ಟು ಇವರನ್ನು ನೋಡಿದಳು. "ಏನ್ರಪ್ಪಾ ಇದು, ಸೊಂಟಕ್ಕೆ ಹಗ್ಗ ಕಟ್ಕೊಂಡು ಎಲ್ಲಿಗೆ ಹೊರಟ್ರಿ? ಒಬ್ಬರನ್ನೊಬ್ಬರು ಹಿಡ್ಕೊಂಡು ಬಂದಿದೀರೋ, ಹಿಡಿಸ್ಕೊಂಡು ಬಂದಿದೀರೋ?"

"ತಾಯೀ, ನೀನು ನಿಂತಿರೋ ಜಾಗ ಎಂಥದು ಗೊತ್ತಾ?" ಎಂದರು ಅಧ್ಯಕ್ಷರು. "ಇದು ಶಿಖರ. ಇಲ್ಲಿಯವರೆಗೆ ಮನುಷ್ಯರ ಹೆಜ್ಜೆ ಬೀಳದ ಜಾಗ."

ಚುಕ್ಕಿರಾಯ ಅವಳ ಬಾಯನ್ನೇ ನೋಡಿದ. ಊರಿನಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ಈಗ ಸತ್ಯ ಹೊರಬೀಳುತ್ತದೆ, ಬೀಳಲಿ, ಇನ್ನೊಬ್ಬರ ಬಾಯಿಂದಲಾದರೂ ಬೀಳಲಿ.

ಅವಳು ಸುತ್ತ ನೋಡಿದಳು. ಕೊಳ ನೋಡಿದಳು. ಕ್ಯಾಮೆರಾ ನೋಡಿದಳು. ಎತ್ತಿಕಟ್ಟಿದ್ದ ಸೀರೆ ಇಳಿಸಿ, ಕೂದಲು ಸರಿಮಾಡಿಕೊಂಡಳು. "ಅದಕ್ಕೇ ಮತ್ತೆ! ಇಲ್ಲಿ ಬಟ್ಟೆ ಬಡಿದರೆ ನನಗೆ ಯಾವಾಗಲೂ ಏದುಸಿರು ಬರೋದು. ನಾನು ವಯಸ್ಸಾಯ್ತು ಅಂದ್ಕೊಂಡಿದ್ದೆ."

"ಗಾಳಿ ತೆಳು ಇದೆಯಮ್ಮ ಇಲ್ಲಿ," ಎಂದು ಡಾಕ್ಟರು ಅವಳ ನಾಡಿ ಹಿಡಿದರು.

"ತೆಳು ಅಂದ್ರೆ ತೆಳು! ನನ್ನ ಸೊಸೆ ನಂಬೋದೇ ಇಲ್ಲ, ಬೇಗ ಬೇಗ ಒಗೀರಿ ಅಂತಾಳೆ. ಅವಳು ಒಂದು ದಿನ ಶಿಖರದ ಮೇಲೆ ಬಟ್ಟೆ ಒಗೆದು ನೋಡಲಿ, ಗೊತ್ತಾಗುತ್ತೆ!" ಎಂದು ಅವಳು ಚಪ್ಪಡಿಯ ಮೇಲೆ ಕೂತು, ಎತ್ತರದಲ್ಲಿ ಬದುಕು ಸವೆಸಿದವಳ ಆಯಾಸದಿಂದ ಉಸಿರು ಬಿಟ್ಟಳು. ಪತ್ರಿಕೆಯವನು ಅವಳದ್ದೂ ಒಂದು ಚಿತ್ರ ತೆಗೆದುಕೊಂಡ.

ದರ್ಜಿ ಬಾವುಟ ನೆಟ್ಟ. ಕೆಸರಿನಲ್ಲಿ ಅದು ನಿಲ್ಲಲಿಲ್ಲ; ಕುಡಿದವನ ಹಾಗೆ ವಾಲಿತು. ಮತ್ತೆ ನೆಟ್ಟ. ಮತ್ತೆ ವಾಲಿತು. ಕೊನೆಗೆ ಚುಕ್ಕಿರಾಯನೇ ಮಂಡಿಯವರೆಗೆ ಕೆಸರಿನಲ್ಲಿ ನಿಂತು ಕೋಲನ್ನು ಹಿಡಿದುಕೊಳ್ಳಬೇಕಾಯಿತು. ಬಾವುಟದ ಹಿಂದೆ ಅವನ ಮುಖ ಮುಚ್ಚಿಹೋಗಿದ್ದರಿಂದ ಚಿತ್ರದಲ್ಲಿ ಅವನು ಕಾಣಲಿಲ್ಲ. ಅಧ್ಯಕ್ಷರು ಕಂಡರು.

ಸೂರ್ಯ ಇಳಿಯತೊಡಗಿದ್ದ. "ಇನ್ನು ಇಳಿಯೋಣ," ಎಂದರು ಡಾಕ್ಟರು.

ಎಲ್ಲರೂ ಒಮ್ಮೆ ತಲೆಯೆತ್ತಿ, ತಾವು ಇಳಿಯಬೇಕಾದ ದಾರಿಯನ್ನು ನೋಡಿದರು. ಅದು ಆಕಾಶಕ್ಕೆ ಏಣಿ ಹಾಕಿದ ಹಾಗೆ ನಿಂತಿತ್ತು. ಸೊಂಟದ ಹಗ್ಗ ಬಿಚ್ಚಿ ಸುತ್ತಿಟ್ಟರು. ಬಟ್ಟೆ ಒಗೆಯುವವಳು ಓಡಾಡುವ ಕಾಲುದಾರಿ ಹಿಡಿದು ಒಬ್ಬೊಬ್ಬರಾಗಿ ಇಳಿಯತೊಡಗಿದರು. ನಾಲ್ಕು ಹೆಜ್ಜೆ ಇಳಿಯುವಷ್ಟರಲ್ಲಿ ಡಾಕ್ಟರ ನಾಲಗೆ ಹೊರಬಂತು. ಪತ್ರಿಕೆಯವನು ಅಂಬೆಗಾಲಿನಲ್ಲಿ ಇಳಿದ. ದರ್ಜಿ, "ಇಳಿಯೋದೇ ಕಷ್ಟ ಅಂತ ದೊಡ್ಡೋರು ಹೇಳ್ತಾರೆ, ಸುಳ್ಳಲ್ಲ," ಎನ್ನುತ್ತ ಬೇರು ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಂಡ.

ಅಧ್ಯಕ್ಷರು ಎದೆ ಒತ್ತಿಕೊಂಡು ಕೂತೇಬಿಟ್ಟರು. ಮುಖ ನೇರಳೆ ಬಣ್ಣಕ್ಕೆ ತಿರುಗಿತ್ತು. "ಚುಕ್ಕಿರಾಯ... ಬೆನ್ನು ಕೊಡಯ್ಯಾ."

ಚುಕ್ಕಿರಾಯ ಬೆನ್ನು ಕೊಟ್ಟ. ಉಣ್ಣೆ ಕೋಟುಗಳ ಜೊತೆಗೆ ಅಧ್ಯಕ್ಷರನ್ನೂ ಹೊತ್ತ. ಉಳಿದವರು ಮುಂದೆ ಹೋಗಿದ್ದರು. ಪೊದೆಗಳ ನಡುವೆ ಅವರಿಬ್ಬರೇ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುವಷ್ಟು ನಿಶ್ಶಬ್ದ. ಅಷ್ಟು ಹತ್ತಿರ ಇರುವ ಮನುಷ್ಯನಿಗೆ ಸುಳ್ಳು ಹೇಳಿಕೊಂಡು ನಡೆಯುವುದು ಚುಕ್ಕಿರಾಯನಿಂದ ಆಗಲಿಲ್ಲ. ಭಾರ ಹೊತ್ತಾಗ ಮನಸ್ಸು ಹಗುರ ಮಾಡಿಕೊಳ್ಳಬೇಕು ಅನ್ನಿಸುವುದು ಸಹಜ.

"ಸಾರ್. ನಾನು ದೊಡ್ಡ ತಪ್ಪು ಮಾಡಿದೀನಿ. ಅದು ಶಿಖರ ಅಲ್ಲ. ಗುಂಡಿ. ಫೋಟೋ ತಲೆಕೆಳಗಾಗಿತ್ತು. ಬೆಳಿಗ್ಗೆ ನನಗೆ ಗೊತ್ತಾಯ್ತು. ಕಾಯಂ ಆಗೋ ಆಸೆಗೆ ಬಾಯಿ ಮುಚ್ಕೊಂಡು ಬಂದೆ. ಕ್ಷಮಿಸಿಬಿಡಿ ಸಾರ್."

ಅಧ್ಯಕ್ಷರು ಜಾರುತ್ತಿದ್ದ ಕೈಯನ್ನು ಮತ್ತೆ ಅವನ ಕುತ್ತಿಗೆಗೆ ಸುತ್ತಿಕೊಂಡರು.

"ತಲೆಕೆಳಗಾಗಿ ತಗುಲಿಹಾಕಿದ್ದು ಯಾರು?"

"ಗೊತ್ತಿಲ್ಲ ಸಾರ್. ಸುಣ್ಣ ಬಳಿದವರಿರಬೇಕು."

"ನಾನು ಕಣಯ್ಯಾ," ಎಂದರು ಅಧ್ಯಕ್ಷರು.

ಚುಕ್ಕಿರಾಯನ ಕಾಲು ನಿಂತಿತು.

"ನಿಲ್ಲಬೇಡ, ನಡಿ. ಹೊತ್ತಾಗುತ್ತೆ." ಅವರು ಅವನ ಕಿವಿಯ ಹತ್ತಿರ ಬಾಯಿ ತಂದು, ಮನೆಯ ಹಿರಿಯನೊಬ್ಬ ಮಗನಿಗೆ ಆಸ್ತಿಯ ಗುಟ್ಟು ಹೇಳುವ ಹಾಗೆ ಹೇಳಿದರು. "ಏರು ಹತ್ತಿದರೆ ನನಗೆ ಉಸಿರು ಕಟ್ಟುತ್ತೆ. ಎಷ್ಟೋ ವರ್ಷ ಆಯ್ತು. ಪರ್ವತಾರೋಹಣ ಸಂಸ್ಥೆಯ ಅಧ್ಯಕ್ಷ ಮಹಡಿ ಮೆಟ್ಟಿಲು ಹತ್ತಲಾರ ಅಂದ್ರೆ ಚೆನ್ನಾಗಿರುತ್ತಾ? ಇಳಿಯೋದು ಬೇಕಾದಷ್ಟು ಇಳೀತೀನಿ. ಅದಕ್ಕೇ ಇಳಿಯೋ ಶಿಖರಗಳನ್ನೇ ಆರಿಸ್ಕೊಂಡೆ. ಇದು ನನ್ನ ಐದನೇ ಗುಂಡಿ. ಮಿಕ್ಕ ನಾಲ್ಕರಲ್ಲಿ ಆಚೆ ಬರೋಕೆ ಜೀಪ್ ಹೋಗೋ ದಾರಿ ಇತ್ತು, ಯಾರ ಬೆನ್ನೂ ಬೇಕಾಗಲಿಲ್ಲ."

"ಆ ನಾಲ್ಕಕ್ಕೂ ದಾರಿ ಹಾಕಿದ್ದು ನಾನೇ ಅಲ್ವಾ ಸಾರ್!"

"ನೀನೇ. ಎಷ್ಟು ಚೆಂದ ಹಾಕಿದ್ದೆ!"

"ಮತ್ತೆ ಡಾಕ್ಟ್ರು? ಪತ್ರಿಕೆಯವರು?"

"ಎಲ್ಲರಿಗೂ ಗೊತ್ತು. ಗೊತ್ತು ಅಂತ ಒಬ್ಬರಿಗೊಬ್ಬರು ಹೇಳ್ಕೊಂಡಿಲ್ಲ, ಅಷ್ಟೇ. ಸಂಸ್ಥೆ ಅಂದ್ರೆ ಇನ್ನೇನಯ್ಯಾ? ನಿನ್ನ ಭಾವನಿಗೆ ಇದು ಮೊದಲನೇ ಸಲ. ಪಾಪ, ಅವನಿಗೂ ಬರ್ತಾ ಬರ್ತಾ ಗೊತ್ತಾಗುತ್ತೆ, ಅವನೂ ಹೇಳೋಲ್ಲ."

ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋದ ಹಾಗೆ ಚುಕ್ಕಿರಾಯನಿಗೆ ಅನ್ನಿಸಿತು. ಬೆನ್ನ ಮೇಲಿನ ಭಾರವೂ ಕಡಿಮೆಯಾದಂತಾಯಿತು. ತಪ್ಪು ಅವನದಲ್ಲ! ಬಾವುಟ ಏರಿದೆ! ಅಧ್ಯಕ್ಷರ ಗುಟ್ಟು ಈಗ ತನ್ನ ಕೈಯಲ್ಲಿದೆ! ಅವನು ನಗುನಗುತ್ತ, ಎರಡೆರಡು ಹೆಜ್ಜೆ ಒಟ್ಟಿಗೆ ಹಾಕಿದ. "ಹಾಗಾದ್ರೆ ಸಾರ್, ನನ್ನ ಕಾಯಂ ವಿಷಯ..."

"ಅದೊಂದು ಮಾತ್ರ ಆಗೋಲ್ಲ ಕಣಯ್ಯಾ."

"ಯಾಕೆ ಸಾರ್?"

"ಕಾಯಂ ನೌಕರ ಹಾಕಿದ ದಾರಿಯನ್ನ ಮೇಲಿನ ಕಚೇರಿಯೋರು ಬಂದು, ತಾವೇ ನಡೆದು ನೋಡಬೇಕು ಅಂತ ನಿಯಮ ಇದೆ. ಹಂಗಾಮಿ ಹಾಕಿದ್ದು ಬರೀ ಅಂದಾಜು. ಅಂದಾಜನ್ನ ನೋಡೋಕೆ ಯಾರು ಬರ್ತಾರೆ? ನೀನು ಹಂಗಾಮಿಯಾಗಿ ಇರೋವರೆಗೆ ಐದೂ ಶಿಖರ. ನೀನು ಕಾಯಂ ಆದ ದಿನ ಐದೂ ಗುಂಡಿ." ಅಧ್ಯಕ್ಷರು ಅವನ ಕುತ್ತಿಗೆಯನ್ನು ಇನ್ನಷ್ಟು ಭದ್ರವಾಗಿ ತಬ್ಬಿಕೊಂಡರು. ಅವರ ದನಿ ನಿಜವಾಗಿಯೂ ಗದ್ಗದವಾಗಿತ್ತು. "ಪ್ರತಿ ವರ್ಷ ನಿನ್ನ ಕಾಯಂ ಮಾಡಬೇಕು ಅಂತ ಮನಸ್ಸು ಬರುತ್ತೆ. ಆಮೇಲೆ ಯೋಚನೆ ಮಾಡ್ತೀನಿ. ನನ್ನ ಶಿಖರಗಳೆಲ್ಲ ನಿಂತಿರೋದೇ ನಿನ್ನ ಮೇಲೆ. ನಿನ್ನ ಹೇಗೆ ಅಲ್ಲಾಡಿಸಲಿ, ಹೇಳು?"

ಕೈ ಬಿಟ್ಟುಬಿಡೋಣ ಎಂದು ಚುಕ್ಕಿರಾಯನಿಗೆ ಒಂದು ಕ್ಷಣ ಅನ್ನಿಸದೆ ಇರಲಿಲ್ಲ. ಆದರೆ ಬಿಟ್ಟರೆ ಅಧ್ಯಕ್ಷರು ಉರುಳಿಕೊಂಡು ಮತ್ತೆ ಶಿಖರಕ್ಕೇ ಹೋಗುತ್ತಿದ್ದರು. ಮತ್ತೆ ಹೊತ್ತು ತರಬೇಕಾದವನು ಇವನೇ. ಯಾರಿಗಾದರೂ ಹೇಳೋಣವೆಂದರೆ, ಹೇಳಬೇಕಾದವರಿಗೆಲ್ಲ ಆಗಲೇ ಗೊತ್ತಿತ್ತು. ಅವನು ತುಟಿ ಕಚ್ಚಿ, ದೇವರನ್ನು ನೆನೆದು, ಇನ್ನೊಂದು ಹೆಜ್ಜೆ ಮೇಲೆ ಇಟ್ಟ.

ಗುಂಡಿಯ ಅಂಚಿನಲ್ಲಿ ಊರಿನ ಜನ ಸೇರಿದ್ದರು. ಮೊದಲು ತಲುಪಿದ್ದ ದರ್ಜಿ ಸುದ್ದಿ ಹಬ್ಬಿಸಿದ್ದ. ಕೆಸರು ಮೆತ್ತಿದ ಚುಕ್ಕಿರಾಯ ಅಧ್ಯಕ್ಷರನ್ನು ಹೊತ್ತು ಮೇಲೆ ಬಂದದ್ದನ್ನು ನೋಡಿ ಎಲ್ಲರೂ, "ಇಳಿದರು, ಇಳಿದರು!" ಎಂದು ಜೈಕಾರ ಹಾಕಿದರು. ಗುಂಪಿನ ನಡುವಿನಿಂದ ಅವನ ಹೆಂಡತಿ ಮುಂದೆ ನುಗ್ಗಿ ಬಂದಳು. ಅಲ್ಲಿ ಗರಗಸ ಇರಲಿಲ್ಲ, ಕೂಗುವ ರೂಢಿ ಇತ್ತು.

"ರೀ!" ಎಂದು ಕೂಗಿದಳು. "ಕಾಯಂ ಆಯ್ತೇನ್ರೀ?"

ಚುಕ್ಕಿರಾಯ ಬಾಯಿ ತೆರೆದ. ಏದುಸಿರಿನಲ್ಲಿ ಮಾತು ಹೊರಡಲಿಲ್ಲ. ಅವನ ಬೆನ್ನ ಮೇಲಿನಿಂದಲೇ ಅಧ್ಯಕ್ಷರು ಕೈಯೆತ್ತಿ ಉತ್ತರ ಕೊಟ್ಟರು.

"ನಿಶ್ಚಿಂತೆಯಾಗಿರಮ್ಮ! ನಾನಿರೋವರೆಗೆ ನಿಮ್ಮ ಯಜಮಾನರನ್ನ ಈ ಜಾಗದಿಂದ ಕದಲಿಸೋರು ಯಾರೂ ಇಲ್ಲ!"

ಜನ ಚಪ್ಪಾಳೆ ತಟ್ಟಿದರು. ಅವಳ ಮುಖ ಅರಳಿತು. "ನಾನು ಹೋಗಿ ಪಾತ್ರೆ ಪಡಗ ಕಟ್ಟಿಡ್ತೀನಿ ರೀ! ನೀವು ನಿಧಾನಕ್ಕೆ ಬನ್ನಿ!" ಎಂದು ಕೂಗಿ, ಸೆರಗು ಸಿಕ್ಕಿಸಿಕೊಂಡು, ತಂದಿದ್ದ ಬೆಲ್ಲದ ಚೂರುಗಳನ್ನು ಕೈಗೆ ಸಿಕ್ಕವರಿಗೆ ಹಂಚುತ್ತ ಮನೆಯ ಕಡೆ ಓಡಿದಳು.

ಅವಳು ತಿರುವಿನಲ್ಲಿ ಮರೆಯಾಗುವವರೆಗೆ ಚುಕ್ಕಿರಾಯ ನೋಡುತ್ತ ನಿಂತ. ಆಮೇಲೆ ಮೆಲ್ಲಗೆ ಬಗ್ಗಿ, ಅಧ್ಯಕ್ಷರನ್ನು ನೆಲಕ್ಕೆ ಇಳಿಸಿದ. ಅವರು ಬಟ್ಟೆ ಸರಿಮಾಡಿಕೊಂಡು, ಅವನ ತೋಳಿನಿಂದ ಉಣ್ಣೆ ಕೋಟು ತೆಗೆದು ಹಾಕಿಕೊಂಡು, ಹಾರ ಹಿಡಿದು ಬರುತ್ತಿದ್ದವರ ಕಡೆ ಹೊರಡುವ ಮುನ್ನ ಒಮ್ಮೆ ಅವನ ಕಿವಿಯ ಹತ್ತಿರ ಬಾಗಿದರು.

"ಮುಂದಿನ ವರ್ಷ, ಆಳ ಸ್ವಲ್ಪ ಕಡಿಮೆ ಇರೋ ಶಿಖರ ನೋಡಯ್ಯಾ."